ಜಾಬರ್ ಬಾಳಗೊಂಡನ ಕೈಗುಣ

ಇಚಲಕರಂಜಿಯ ಜಾಬರ್ ಬಾಳಗೊಂಡನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಗುರುವಾರ ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿನಲ್ಲಿ. ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದರಲ್ಲಿ ಮೊಬೈಲು. ಗಡಹಿಂಗ್ಲಜದ ಗೆಳೆಯ ಸಿದ್ದಾರೂಢ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಹಾಕಿದ್ದ. ಕೆಂಪು ಬಟ್ಟೆ ಹೊದ್ದು ನಿಂತ ಕಾರು. ಕೆಳಗೆ ಮರಾಠಿಯಲ್ಲಿ ‘ರವಿವಾರೀ ಪೂಜಾ’ ಎಂದಷ್ಟೇ ಬರಹ. ಬೇರೆಯವರಾಗಿದ್ದರೆ ಅದು ಯಾವ ಕಾರೆಂದು ತಲೆ ಕೆರೆದುಕೊಳ್ಳುತ್ತಿದ್ದರು. ಬಾಳಗೊಂಡನಿಗೆ ಬಟ್ಟೆಯ ಮೇಲಿನಿಂದಲೇ ತಿಳಿಯಿತು. ಆ ಗಿಡ್ಡ ಮೂಗು, ಹಿಂಬದಿಯ ಆ ಅಗಲ ಸೊಂಟ. ಹೊಸ ಟಾರ್ಕಾ.

ಬಾಯಿಯ ನೊರೆ ಉಗುಳುವುದನ್ನೂ ಮರೆತು ನಿಂತುಬಿಟ್ಟ. ಹೆಂಡತಿ ನೂತನ ಹಾಲಿನ ಪಾತ್ರೆ ಹಿಡಿದು ಬಂದವಳು ಗಾಬರಿಯಾದಳು.

“ಏನಾತ್ರಿ? ಯಾರರ ಹೋದರೇನು?”

“ಯಾರೂ ಹೋಗಿಲ್ಲ. ಸಿದ್ದ್ಯಾ ಟಾರ್ಕಾ ತಗೊಂಡಾನ.”

“ಅದಕ್ಕ ಹಿಂಗ್ಯಾಕ ನಿಂತೀರಿ? ಛಲೋ ಆತಲ್ಲ.”

“ಛಲೋ ಆತು,” ಅಂದ. ಆ ದಿನ ಚಹಾ ಸೇರಲಿಲ್ಲ.

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಹಾಗೆ ಹೇಳುವವರ ಗೆಳೆಯರು ಯಾರೂ ಟಾರ್ಕಾ ಕೊಂಡಿರುವುದಿಲ್ಲ, ಅಷ್ಟೇ. ಬಾಳಗೊಂಡನ ಸಂಕಟ ತಿಳಿಯಬೇಕಾದರೆ ಅವನು ಯಾರು, ಟಾರ್ಕಾ ಏನು ಎಂದು ಸ್ವಲ್ಪ ಹೇಳಬೇಕು.

ಅವನು ಹುಟ್ಟಿದ್ದು ದತ್ತವಾಡದ ಜೈನರ ಮನೆಯಲ್ಲಿ. ಕಬ್ಬಿನ ಹೊಲ ನೋಡಿಕೊಳ್ಳಲು ಮೂವರು ಅಣ್ಣಂದಿರಿದ್ದರು. ಇವನಿಗೆ ಮಣ್ಣಿಗಿಂತ ಗ್ರೀಸೇ ಹೆಚ್ಚು ಹತ್ತಿರ. ಕೊಲ್ಲಾಪುರದಲ್ಲಿ ಐಟಿಐ ಓದಿ ಇಚಲಕರಂಜಿಯ ಮಗ್ಗದ ಕಾರ್ಖಾನೆ ಸೇರಿದ. ಕೆಟ್ಟ ಮಗ್ಗ ರಿಪೇರಿ ಮಾಡುವವನಿಗೆ ಅಲ್ಲಿ ಜಾಬರ್ ಅನ್ನುತ್ತಾರೆ. ನಲವತ್ತೆಂಟು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಬಾಗಿಲಲ್ಲೇ ನಿಂತು, ಹದಿನೇಳನೆಯದರ ಬೋಲ್ಟು ಸಡಿಲಾಗಿದೆ ಎಂದು ಹೇಳಬಲ್ಲ ಕಿವಿ ಅವನದು.

ಐಟಿಐ ಓದುವಾಗ ಒಂದು ಸಂಜೆ ರಂಕಾಳ ಕೆರೆಯ ದಂಡೆಯಲ್ಲಿ ಒಂದು ಹಳದಿ ಕಾರು ನಿಂತಿತ್ತು. ದುಂಡು ದೀಪ, ಕುಳ್ಳ ಮೈ, ಹಿಂದೆ ಎರಡು ದಪ್ಪ ಕೊಳವೆ. ಮೊದಲ ಟಾರ್ಕಾ. ಜೊತೆಗಿದ್ದ ಸಿದ್ದಾರೂಢನಿಗೆ ಭೇಲ್ ತಿನ್ನುವ ಆತುರ. ಬಾಳಗೊಂಡ ಅವನ ಅಂಗಿ ಹಿಡಿದು ಎರಡು ತಾಸು ನಿಲ್ಲಿಸಿಕೊಂಡ. ಕೊನೆಗೆ ಯಾರೋ ಫೌಂಡ್ರಿ ಮಾಲೀಕರು ಬಂದು ಕಾರು ಶುರು ಮಾಡಿದರು. ಆ ಸದ್ದು ಬಾಳಗೊಂಡನ ಎದೆಯೊಳಗೆ ಹೋಗಿ ಕೂತಿತು. ಸಿದ್ದಾರೂಢ “ಭಾರೀ ಐತಿಲೇ” ಅಂದು ಭೇಲ್ ತಿನ್ನಲು ಹೋದ. ಇದನ್ನು ನೆನಪಿಡಬೇಕು, ಯಾಕೆಂದರೆ ಬಾಳಗೊಂಡ ಭಾನುವಾರದವರೆಗೂ ಇದನ್ನೇ ನೆನಪಿಸಿಕೊಂಡು ಉರಿದ. ತಾನು ತೋರಿಸದಿದ್ದರೆ ಆ ಮಗನಿಗೆ ಟಾರ್ಕಾ ಅಂದರೇನು ಅಂತ ಗೊತ್ತಾಗುತ್ತಿತ್ತೇ?

ಆಮೇಲೆ ಮಹಾಪೂರ ಬಂದ ವರ್ಷ ಅಂಥದ್ದೇ ಒಂದು ಹಳೆಯ ಟಾರ್ಕಾ ನೀರಲ್ಲಿ ಮುಳುಗಿ, ಕಾಗಲದ ಗುಜರಿ ಅಂಗಳಕ್ಕೆ ಬಂದು ಬಿದ್ದಿತ್ತು. ಬಾಳಗೊಂಡ ಅದನ್ನು ಮನೆಗೆ ತಂದ. ಸೀಟಿನ ಕೆಳಗೆ ಸತ್ತ ಮೀನಿತ್ತು ಎಂದು ನೂತನ ಇವತ್ತಿಗೂ ಹೇಳುತ್ತಾಳೆ. ನಾಲ್ಕು ವರ್ಷ, ಎಲ್ಲ ರಜೆ, ಎಲ್ಲ ಹಬ್ಬ ಅದರ ಕೆಳಗೆ ಮಲಗಿ ಕಳೆದ. ಎಂಜಿನ್ ಬಿಚ್ಚಿ ಕಟ್ಟಿದ, ಹಳದಿ ಬಣ್ಣ ಬಳಿದ. ಅದು ಓಡಿತು. ಆ ಹೊತ್ತಿಗೆ ಇಡೀ ಜಿಲ್ಲೆಯಲ್ಲಿ ಉಳಿದದ್ದು ಅದೊಂದೇ ಟಾರ್ಕಾ. ಜನ ಅವನನ್ನು ಟಾರ್ಕಾವಾಲಾ ಅಂದರು. ಕಾರ್ಖಾನೆಯ ಮಾಲೀಕರಿಗೂ ಸಿಗದ ಹೆಸರು ಅವರ ಜಾಬರ್‌ಗೆ ಸಿಕ್ಕಿತ್ತು. ಈಗ ಇನ್ನೊಬ್ಬ ಟಾರ್ಕಾವಾಲಾ ಬಂದ, ಅದೂ ಹೊಚ್ಚ ಹೊಸದರ ಜೊತೆ.

ಆದರೂ ಶನಿವಾರದ ಹೊತ್ತಿಗೆ ಉರಿಗೆ ಒಂದು ಮದ್ದು ಹೊಳೆಯಿತು. ಮೊದಲ ಗಾಲಿ.

ಆ ಕಡೆ ಹೊಸ ಗಾಡಿ ತಂದರೆ ಪೂಜೆ ಮಾಡಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕೈಗುಣ ಚೆನ್ನಾಗಿರುವವನಿಂದ ಮೊದಲ ಗಾಲಿ ಉರುಳಿಸುತ್ತಾರೆ. ನಿಂಬೆಹಣ್ಣು ಪಚಕ್ಕೆಂದು ಒಡೆದರೆ ಶುಭ. ಹದಿನೆಂಟು ವರ್ಷದ ಹಿಂದೆ ಸಿದ್ದಾರೂಢ ಮೆಣಸಿನಕಾಯಿ ವ್ಯಾಪಾರಕ್ಕೆ ಮೊದಲ ಟೆಂಪೋ ತಂದಾಗ ಬಾಳಗೊಂಡ ಗಾಲಿ ಉರುಳಿಸಿದ್ದ. ಆ ವರ್ಷ ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿಗೆ ಎಂದೂ ಕಾಣದ ದರ ಬಂತು. ಸಿದ್ದಾರೂಢನ ತಾಯಿ ಚನ್ನವ್ವ ಮಂದಿಗೆಲ್ಲ ಹೇಳಿಕೊಂಡು ಬಂದಳು: ಬಾಳಗೊಂಡನ ಕೈಗುಣ ಬಂಗಾರ. ಅಲ್ಲಿಂದ ಇಲ್ಲಿಯವರೆಗೆ ಹದಿನಾಲ್ಕು ಗಾಡಿ. ಟೆಂಪೋ, ಟ್ರ್ಯಾಕ್ಟರ್, ಲಾರಿ, ಅತ್ತಿಗೆಯ ತಮ್ಮನ ಸ್ಕೂಟರ್ ಕೂಡ. ಒಂದೂ ತನ್ನದಲ್ಲ. ಆದರೆ ಪ್ರತಿಯೊಂದನ್ನೂ ಅದರ ಮಾಲೀಕನಿಗಿಂತ ಮೊದಲು ಓಡಿಸಿದವನು ಇವನೇ.

ಹೊಸ ಟಾರ್ಕಾ ಸಿದ್ದ್ಯಾನದಾದರೂ ಮೊದಲ ಗಾಲಿ ನನ್ನದು, ಅಂದುಕೊಂಡ. ಅಷ್ಟಕ್ಕೆ ಸ್ವಲ್ಪ ನಿದ್ದೆ ಬಂತು. ಹೊಸ ಟಾರ್ಕಾದ ನಾನೂರು ಪುಟದ ಮಾಲೀಕರ ಕೈಪಿಡಿಯನ್ನು ಅವನು ಮೊಬೈಲಿನಲ್ಲಿ ಇಳಿಸಿಕೊಂಡು ಮೊದಲೇ ಎರಡು ಸಲ ಓದಿದ್ದ. ತನ್ನದಲ್ಲದ ಕಾರಿನ ಕೈಪಿಡಿ ಓದುವುದನ್ನು ನೋಡಿ ನೂತನ, “ಕೂಸ ಇಲ್ಲದ ಹೆಸರ ಇಡಾಕತ್ತೀರಲ್ಲ,” ಎಂದು ನಕ್ಕಿದ್ದಳು. ಆದರೂ ಶನಿವಾರ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಹಳೆಯ ಟಾರ್ಕಾ ಹತ್ತಿ, ಕಾಗಲ ದಾಟಿ, ನಿಪ್ಪಾಣಿ ದಾಟಿ ಗಡಹಿಂಗ್ಲಜ ಮುಟ್ಟಿದರು. ಸಿದ್ದಾರೂಢನ ಮನೆಮುಂದೆ ಓಣಿ ತುಂಬ ಜನ. ಮೊದಲ ಗಾಲಿ ಮನೆಬಾಗಿಲಲ್ಲೇ ಉರುಳಬೇಕು ಎಂದು ಚನ್ನವ್ವ ಹಟ ಹಿಡಿದಿದ್ದರಿಂದ ಕಾರನ್ನು ಕೊಲ್ಲಾಪುರದ ಶೋರೂಮಿನಿಂದ ಲಾರಿಯ ಮೇಲೆ ಹೇರಿಕೊಂಡು ಬಂದು ಇಳಿಸಿದ್ದರು.

“ಏ ಬಾಳ್ಯಾ! ಬಾರಲೇ. ನಿನ್ನ ಸಲುವಾಗಿ ಇನ್ನೂ ಬಟ್ಟಿ ತೆಗೆದಿಲ್ಲ ನೋಡು,” ಎಂದು ಸಿದ್ದಾರೂಢ ಓಡಿ ಬಂದು ಅಪ್ಪಿಕೊಂಡ. ಮೈಯಿಂದ ಮೆಣಸಿನಕಾಯಿ ಘಾಟು ಬಡಿಯಿತು. “ಒಂದ ತುದಿ ನೀ ಹಿಡಿ, ಒಂದ ನಾ ಹಿಡೀತೀನಿ.”

ಎಳೆದರು. ಓಣಿಯ ಜನ ಹೋ ಎಂದರು. ಬಾಳಗೊಂಡ ಬಟ್ಟೆಯ ತುದಿ ಕೈಯಲ್ಲೇ ಹಿಡಿದು ಹತ್ತಿರ ಹೋದ.

ನೀಲಿ. ಮೋಡವಿಲ್ಲದ ದಿನ ರಂಕಾಳದ ನಡುನೀರು ಇರುತ್ತದಲ್ಲ, ಆ ನೀಲಿ. ಅವನು ತಪ್ಪು ಹುಡುಕಲೆಂದೇ ಬಂದಿದ್ದ, ಸುಳ್ಳು ಯಾಕೆ ಹೇಳುವುದು. ದುಂಡು ದೀಪ ತೆಗೆದು ಸೀಳುಗಣ್ಣಿನ ದೀಪ ಇಟ್ಟಿದ್ದನ್ನು ವಿಡಿಯೋದಲ್ಲಿ ನೋಡಿ ನಿದ್ದೆಗಣ್ಣಿನ ಬೆಕ್ಕು ಎಂದು ಹೀಯಾಳಿಸಿದ್ದ. ಎದುರು ನಿಂತರೆ ಆ ಕಣ್ಣೇ ಇವನನ್ನು ದಿಟ್ಟಿಸುತ್ತಿತ್ತು. ಬಾನೆಟ್ಟಿನ ಸಂದಿಯಲ್ಲಿ ಉಗುರು ಎಳೆದ. ಈ ತುದಿಯಿಂದ ಆ ತುದಿಗೆ ಒಂದೇ ಸಮ. ಹಿಂದಿನ ಗಾಲಿಯ ಮೇಲೆ ತಗಡು ಉಬ್ಬಿ ಇಳಿಯುವ ಜಾಗಕ್ಕೆ ಅಂಗೈ ಇಟ್ಟ, ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲು ತೆರೆದು ಮುಚ್ಚಿದ. ಧಪ್. ತನ್ನ ಕಾರಿಗೆ ಮೂರು ಸಲ ರಬ್ಬರು ಬದಲಿಸಿದರೂ ಈ ಸದ್ದು ಬಂದಿರಲಿಲ್ಲ.

ಒಳಗೆ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರಲಿಲ್ಲ, ಬರೀ ಒಂದು ಗುಂಡಿ. ಸಿಕ್ಕಿತು ತಪ್ಪು!

“ಹ್ಯಾಂಡ್‌ಬ್ರೇಕ್ ಇಲ್ಲಲ್ಲೋ.”

“ಗುಂಡಿ ಐತಿ. ಯಾಕ, ಛಲೋ ಇಲ್ಲೇನು?” ಸಿದ್ದಾರೂಢನ ಮುಖದಲ್ಲಿ ಆತಂಕ. ಗಾಡಿಯ ವಿಷಯದಲ್ಲಿ ಅವನಿಗೆ ಬಾಳಗೊಂಡ ಹೇಳಿದ್ದೇ ಕೊನೆಯ ಮಾತು. ‘ಕೆಡಿಸ್ಯಾರ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಆ ಮನುಷ್ಯನ ಅರ್ಧ ಸಂತೋಷ ಅಲ್ಲೇ ಇಳಿದು ಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಭಾರೀ ಐತಿ,” ಅಂದ ಬಾಳಗೊಂಡ. ಅದು ನಿಜವೇ ಆಗಿತ್ತು.

ತಿರುಗಿ ನೋಡಿದರೆ ಹುಣಸೆಮರದ ಕೆಳಗೆ ತನ್ನ ಹಳದಿ ಟಾರ್ಕಾ. ಬೆಳಿಗ್ಗೆ ಹೊರಡುವಾಗ ಸರಿಯಾಗೇ ಇತ್ತು. ಈಗ ಮುದಿಯಾಗಿ ಕಂಡಿತು. ಹಾಗೆ ಕಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಗೆ ಸಿದ್ದಾರೂಢನ ಮೇಲೆ ಸಿಟ್ಟು ಬಂತು.

ಪೂಜೆ ಶುರುವಾಯಿತು. ಅರಿಶಿನ, ಕುಂಕುಮ, ಊದಿನಕಡ್ಡಿ. ಯಾರೋ ಎತ್ತಿನ ಕೊರಳಿಗೆ ಹಾಕುವಷ್ಟು ದಪ್ಪನೆಯ ಚೆಂಡುಹೂವಿನ ಮಾಲೆ ತಂದು ಕಾರಿನ ಮೂಗಿನ ಈ ತುದಿಯಿಂದ ಆ ತುದಿಗೆ ಕಟ್ಟಿದರು. ಬಾಳಗೊಂಡನಿಗೆ ಕೈಪಿಡಿಯ ಒಂದು ಪುಟ ಕಣ್ಣಮುಂದೆ ಬಂತು. ಮುಂದಿನ ಬಂಪರಿನಲ್ಲಿ ಗುಂಡಿಯಷ್ಟು ಸಣ್ಣ ಕಣ್ಣುಗಳಿವೆ. ಎದುರು ಏನಾದರೂ ಅಡ್ಡ ಕಂಡರೆ ಕಾರು ತಾನೇ ಬ್ರೇಕು ಹಾಕಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಏನನ್ನೂ ತೂಗುಹಾಕಬಾರದು. ಇರಲಿ, ನಾನು ಹತ್ತುವ ಮೊದಲು ತೆಗೆದರಾಯಿತು ಎಂದು ಸುಮ್ಮನಾದ. ಅಂಗಿಯ ತೋಳು ಮಡಚಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

ಸಿದ್ದಾರೂಢ ಕೀಲಿಯನ್ನು ಮಗಳ ಕೈಗೆ ಕೊಟ್ಟ.

ಮಗಳು ರುತುಜಾ, ಹತ್ತೊಂಬತ್ತರ ಹುಡುಗಿ, ಕೊಲ್ಲಾಪುರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. “ಈ ಸಲ ನನ್ನ ಮಗಳ ಕೈಲೇ ಆಗಲಿ,” ಅಂದ ಸಿದ್ದಾರೂಢ. ಚನ್ನವ್ವ, “ಬಾಳಗೊಂಡ ಬಂದಾನಲ್ಲೋ, ಅವನ ಕೈಲೆ ಉರುಳಿಸೋ,” ಅಂದಳು. “ಇರಲಿ ಬಿಡವಾ, ಹುಡುಗಿಗೆ ಮಾತ ಕೊಟ್ಟೇನಿ,” ಅಂದು ಸಿದ್ದಾರೂಢ ನಕ್ಕು ಬಾಳಗೊಂಡನ ಭುಜ ತಟ್ಟಿದ. ಬಾಳಗೊಂಡನೂ ನಕ್ಕ. ಮಡಚಿದ ತೋಳನ್ನು ಮೆಲ್ಲಗೆ ಬಿಚ್ಚಿಕೊಂಡ. ನಲವತ್ತು ದಾಟಿದ ಗಂಡಸು ಒಂದು ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೇನು? ಪಟ್ಟ. ಮೈಯೆಲ್ಲ ಉರಿಯುವಷ್ಟು ಪಟ್ಟ.

ಮಾಲೆಯ ವಿಷಯ ಹೇಳಲಿಲ್ಲ.

ರುತುಜಾ ಎಂಜಿನ್ ಶುರು ಮಾಡಿದಳು. ಕ್ಲಚ್ ಬಿಟ್ಟಳು. ಕಾರು ಬೆರಳಗಲ ಮುಂದೆ ಬಂದು ಧಡಕ್ಕೆಂದು ನಿಂತಿತು, ಎಂಜಿನ್ನೂ ಬಂದ್. ನಿಂಬೆಹಣ್ಣು ಅಪ್ಪಚ್ಚಿಯಾಗದೆ ಓರೆಯಾಗಿ ಉಳಿಯಿತು. ಜನ ನಕ್ಕರು. ಎರಡನೇ ಸಲ ಹಾಗೇ. ಮೂರನೇ ಸಲವೂ ಹಾಗೇ, ಆಗ ಯಾರೂ ನಗಲಿಲ್ಲ.

“ಪಪ್ಪಾ, ಸ್ಕ್ರೀನ್ ಮ್ಯಾಲೆ ಏನೋ ಕೆಂಪಗ ಬರಾಕತ್ತೈತಿ. ಮುಂದ ಯಾರರ ನಿಂತಾರೇನು?” ಹುಡುಗಿ ಕಿಟಕಿಯಿಂದ ಕೂಗಿದಳು. ಮುಂದೆ ಯಾರೂ ಇರಲಿಲ್ಲ. ಅವಳ ಮಾತು ಯಾರ ಕಿವಿಗೂ ಹೋಗಲಿಲ್ಲ. ಎಲ್ಲರೂ ಒಡೆಯದ ನಿಂಬೆಹಣ್ಣನ್ನೇ ನೋಡುತ್ತಿದ್ದರು.

“ಇಳಿಸ್ರಿ ಅಕಿನ್ನ,” ಅಂದಳು ಚನ್ನವ್ವ. “ಬಾಳಗೊಂಡಾ, ನೀ ಹತ್ತಪಾ.”

ಇದಕ್ಕೇ ಕಾದಿದ್ದನೇ? ಕಾದಿದ್ದ. ರುತುಜಾ ಇಳಿದು ಗೋಡೆಗೆ ಸರಿದಳು. ಬಾಳಗೊಂಡ ಕಾರಿನ ಮುಂದೆ ಹೋಗಿ, “ಮಾಲಿ ಗಾಲಿಗೆ ಸಿಕ್ಕೀತು,” ಎಂದು ಸಹಜವಾಗಿ ಅದನ್ನು ಬಿಚ್ಚಿ ನೂತನಳ ಕೈಗೆ ಕೊಟ್ಟ. ಅವನ ಕೈಗುಣ ನೋಡಲು ನಿಂತ ಜನ ಅವನ ಕೈ ಏನು ಮಾಡಿತೆಂದು ನೋಡಲಿಲ್ಲ. ಹೊಸ ನಿಂಬೆಹಣ್ಣು ಇಟ್ಟರು. ಕೂತ, ಗೇರು ಹಾಕಿದ, ಕ್ಲಚ್ ಬಿಟ್ಟ. ಪಚ್, ಪಚ್. ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು.

ಕಾಳಭೈರಿ ಗುಡಿಯ ರಸ್ತೆಯಲ್ಲಿ ಒಂದು ಮೈಲು ಹೋಗಿ ತಿರುಗಿದ. ಆ ಒಂದು ಮೈಲು ಹೇಗಿತ್ತೆಂದು ಕೇಳಬೇಡಿ. ಸ್ಟೇರಿಂಗ್ ಕೈಗೆ ರಸ್ತೆಯ ಒಂದೊಂದು ಕಲ್ಲಿನ ಸುದ್ದಿ ಹೇಳುತ್ತಿತ್ತು. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಬಾಳಗೊಂಡ ಒಬ್ಬನೇ ಕೂತು ಜೋರಾಗಿ ನಕ್ಕ. ತನ್ನ ನಾಲ್ಕು ವರ್ಷದ ದುಡಿಮೆ ಈ ಕಾರಿನ ಕಾಲಧೂಳಿಗೂ ಸಮವಲ್ಲ ಎಂದು ಆ ಒಂದು ಮೈಲಿನಲ್ಲೇ ತಿಳಿಯಿತು, ಅದಕ್ಕೆ ಕಣ್ಣಲ್ಲಿ ನೀರೂ ಬಂತು.

ಮರಳಿ ಬಂದು ಇಳಿದಾಗ ಹೆಂಗಸರು ಗುಂಪಾಗಿ ನಿಂತು ಪಿಸುಗುಡುತ್ತಿದ್ದರು. “ಮೂರ ಸಲ ನಿಂತಿತಲ್ಲವಾ.” “ನಾಳಿ ಕೊಟ್ಟ ಮನಿಗೆ ಹೋದರ ಏನ ಗತಿ?” ಚನ್ನವ್ವ ಅವರಿಗಿಂತ ಗಟ್ಟಿಯಾಗಿ ಎಲ್ಲರ ಮುಂದೆ ಹೇಳಿಬಿಟ್ಟಳು: “ಇನ್ನ ಮ್ಯಾಲೆ ಈ ಹುಡುಗಿ ಈ ಗಾಡಿ ಮುಟ್ಟಬಾರದು. ಅಕಿ ಕೈಗುಣ ಛಲೋ ಇಲ್ಲ.”

ತಾಯಿಯ ಮಾತು ಮೀರಿದವನಲ್ಲ ಸಿದ್ದಾರೂಢ. ತಲೆ ತಗ್ಗಿಸಿದ. ರುತುಜಾ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು, ಕೈಯಲ್ಲಿ ಏನೋ ಹೊಲಸು ಹತ್ತಿದವರ ಹಾಗೆ. ಅಳುತ್ತಿರಲಿಲ್ಲ. ಕಾರನ್ನು ನೋಡುತ್ತಿದ್ದಳು. ಆ ನೋಟ ಬಾಳಗೊಂಡನಿಗೆ ಚೆನ್ನಾಗಿ ಗೊತ್ತಿತ್ತು. ಗುರುವಾರದಿಂದ ಅವನು ಅದೇ ನೋಟದಿಂದ ಮೊಬೈಲು ನೋಡಿದ್ದ.

ಸುಮ್ಮನಿದ್ದಿದ್ದರೆ ಆಗಿತ್ತು. ಹದಿನೈದನೇ ಗಾಡಿ, ಅದೂ ಟಾರ್ಕಾ, ಅದೂ ಹಟ ಹಿಡಿದು ನಿಂತದ್ದನ್ನು ಓಡಿಸಿದ ಕೈ. ಅವನ ಹೆಸರು ಕೊಲ್ಲಾಪುರದವರೆಗೆ ಮುಟ್ಟುತ್ತಿತ್ತು. ಪಕ್ಕದಲ್ಲಿ ನೂತನ ಮಾಲೆ ಹಿಡಿದು ನಿಂತಿದ್ದಳು. ಗಂಡನ ಮುಖವನ್ನೂ ಮಾಲೆಯನ್ನೂ ಒಂದೊಂದು ಸಲ ನೋಡಿದಳು.

“ಅವ್ವಾ, ಇನ್ನ ನಾಕ ನಿಂಬಿಹಣ್ಣ ಕೊಡ್ರಿ,” ಅಂದ ಬಾಳಗೊಂಡ.

“ಯಾಕೋ?”

“ಕೊಡ್ರಿ, ಹೇಳ್ತೀನಿ.”

ಮಾಲೆಯನ್ನು ನೂತನಳ ಕೈಯಿಂದ ತೆಗೆದುಕೊಂಡು ಮೊದಲಿದ್ದಂತೆಯೇ ಕಾರಿನ ಮೂಗಿಗೆ ಕಟ್ಟಿದ. ನಿಂಬೆಹಣ್ಣು ತಾನೇ ಇಟ್ಟ. ಹತ್ತಿ ಕೂತ. ಆ ಕ್ಷಣದಲ್ಲೂ, ಮಾಲೆ ಇದ್ದರೂ ಒಂದು ವೇಳೆ ನನ್ನ ಕೈಗೆ ಓಡಿಬಿಟ್ಟರೆ ಎಂಬ ಆಸೆ ಎಲ್ಲೋ ಇತ್ತು. ಕ್ಲಚ್ ಬಿಟ್ಟ. ಕಾರು ಬೆರಳಗಲ ಬಂದು ಧಡಕ್ಕೆಂದು ನಿಂತಿತು. ನಿಂಬೆಹಣ್ಣು ಒಡೆಯಲಿಲ್ಲ. ಮತ್ತೆ ಶುರು ಮಾಡಿದ, ಮತ್ತೆ ನಿಂತಿತು. ಮೂರನೇ ಸಲವೂ ನಿಂತಿತು.

ಇಳಿದು ಬಂದು ಹೇಳಿದ: “ನೋಡಿದ್ರಲ್ಲ. ನನ್ನ ಕೈಗೂ ನಿಂತಿತು. ಮಗ್ಗದಾಗ ಒಂದ ಎಳಿ ಕಡಿದರ ಅದರ ಮ್ಯಾಲಿನ ಪಿನ್ ಕೆಳಗ ಬಿದ್ದು, ಮಗ್ಗ ತಾನ ನಿಲ್ತೈತಿ. ನೇಯೂ ಹೆಣ್ಣಮಗಳ ಕೈಗುಣ ಛಲೋ ಇಲ್ಲ ಅಂತ ಯಾರೂ ಅನ್ನೂದಿಲ್ಲ. ಇದೂ ಹಂಗ. ಮುಂದ ಕಣ್ಣ ಅದಾವ, ಮಾಲಿ ಅಡ್ಡ ಬಂದೈತಿ, ಅದಕ್ಕ ಬ್ರೇಕ್ ಹಾಕ್ಕೊಳ್ಳಾಕತ್ತೈತಿ. ಹುಡುಗಿ ಕೈಯಾಗೂ ಏನಿಲ್ಲ, ನನ್ನ ಕೈಯಾಗೂ ಏನಿಲ್ಲ.” ಕೀಲಿಯನ್ನು ರುತುಜಾಳ ಮುಂದೆ ಹಿಡಿದ. “ಮಾಲಿ ನೀನ ಬಿಚ್ಚು. ನೀನ ಹತ್ತು.”

ಹುಡುಗಿ ಅವನನ್ನು ಒಂದು ಗಳಿಗೆ ನೋಡಿದಳು. ಥ್ಯಾಂಕ್ಸ್ ಹೇಳಲಿಲ್ಲ, ಮೊದಲ ಸಲ ಅವನು ಮಾಲೆ ಬಿಚ್ಚಿದ್ದನ್ನು ಅವಳೂ ನೋಡಿದ್ದಳು. ಕೀಲಿ ತೆಗೆದುಕೊಂಡಳು, ಮಾಲೆ ಬಿಚ್ಚಿದಳು, ಹತ್ತಿದಳು. ನಿಂಬೆಹಣ್ಣು ಪಚಕ್ಕೆಂದಿತು. ಅಪ್ಪ ಓಡಿ ಹೋಗಿ ಪಕ್ಕದಲ್ಲಿ ಕೂತ. ಓಣಿಯ ಅರ್ಧ ಜನ ಬೈಕು ಹತ್ತಿ ಹೋ ಎನ್ನುತ್ತ ಹಿಂದೆ ಹೋದರು.

ಚನ್ನವ್ವ ಕಟ್ಟೆಯ ಮೇಲೆ ಕೂತು ಬಾಳಗೊಂಡನನ್ನು ಹತ್ತಿರ ಕರೆದಳು.

“ಹಂಗಾರ ಕೈಗುಣ ಅನ್ನೂದು ಏನೂ ಇಲ್ಲ?”

“ಇಲ್ರಿ ಅವ್ವಾ.”

“ಹದಿನೆಂಟ ವರ್ಷ ಮಂದಿಗೆಲ್ಲ ಹೇಳಿಕೋತ ಬಂದೇನಲ್ಲೋ.”

“ಹೌದ್ರಿ.” ಇನ್ನು ಯಾರೂ ಮೊದಲ ಗಾಲಿಗೆ ಕರೆಯುವುದಿಲ್ಲ ಎಂದು ಆಗ ಅವನಿಗೆ ಸರಿಯಾಗಿ ತಿಳಿಯಿತು.

“ಮಾಲಿ ಸುದ್ದಿ ನಿನಗ ಯಾವಾಗ ಗೊತ್ತಾತು?”

ಈಗಷ್ಟೇ ಹೊಳೆಯಿತು ಎಂದಿದ್ದರೆ ಮುದುಕಿ ನಂಬುತ್ತಿದ್ದಳು.

“ಕಟ್ಟೂ ಮುಂದನ ಗೊತ್ತಿತ್ರಿ.”

ಚನ್ನವ್ವ ಅವನ ಮುಖ ನೋಡಿದಳು. “ಹೊಟ್ಟಿಕಿಚ್ಚೇನೋ?”

“ಹೌದ್ರಿ. ಭಾಳ.”

“ಇನ್ನೂ ಐತೇನು?”

“ಐತ್ರಿ.”

ಮುದುಕಿ ಮೊಣಕಾಲಿಗೆ ಕೈ ಊರಿ ಎದ್ದಳು. ಒಳಗೆ ತಿರುಗಿ, “ಇವಗ ಹೋಳಿಗಿ ಹಾಕ್ರೇ, ಮುಂಜಾನಿಂದ ಏನೂ ತಿಂದಂಗ ಕಾಣೂದಿಲ್ಲ,” ಎಂದು ಕೂಗಿದಳು.

ತಟ್ಟೆ ಮುಂದೆ ಕೂತಾಗ ದೂರದ ಗುಡ್ಡದ ರಸ್ತೆಯಿಂದ ಹೊಸ ಟಾರ್ಕಾದ ಸದ್ದು ಬಂತು. ಏರಿನಲ್ಲಿ ಹುಡುಗಿ ಮೂರನೇ ಗೇರಿನಲ್ಲೇ ಎಳೆಯುತ್ತಿದ್ದಳು. ಎಂಜಿನ್ ಗೊಣಗುವುದು ಅವನ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎರಡಕ್ಕೆ ಇಳಿಸಬೇಕು, ಈಗ, ಈಗಲೇ. ಬಾಳಗೊಂಡನ ಎಡಗೈ ಅವನಿಗೇ ತಿಳಿಯದಂತೆ ತಟ್ಟೆಯ ಪಕ್ಕದಲ್ಲಿ ಗೇರು ಎಳೆಯಿತು. ಅದೇ ಗಳಿಗೆಗೆ ಅವಳೂ ಇಳಿಸಿದಳು. ಸರಿಯಾಗೇ ಇಳಿಸಿದಳು. ಅದಕ್ಕೂ ಅವನ ಹೊಟ್ಟೆ ಉರಿಯಿತು.